ಜಾವಾಕ್ಕೆ ದುಡ್ಡು, ಸಿ ಶಾರ್ಪ್‌ಗೆ ವಿಂಡೋಸ್: ಎರಡೂ ಪೂರ್ತಿ ನಿಜವಲ್ಲ

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಜಾವಾ, ಸಿ ಶಾರ್ಪ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಒಂದು ಮಾತು ಓಡಾಡುತ್ತಿದೆ. ಜಾವಾ ಈಗ ದುಡ್ಡು ಕೊಟ್ಟೇ ಬಳಸಬೇಕಂತೆ. ಸಿ ಶಾರ್ಪ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡಲ್ಲವಂತೆ.

ಜಾವಾ ಮಾತು ಹುಟ್ಟಿದ್ದು 2019ರಲ್ಲಿ. ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ಪ್ಯಾಕೇಜು ಜೆಡಿಕೆ 8ರ ಹೊಸ ಅಪ್‌ಡೇಟ್‌ಗಳನ್ನು ವ್ಯಾಪಾರಕ್ಕೆ ಬಳಸುವವರು ಚಂದಾ ಕಟ್ಟಬೇಕು ಎಂದು ಆಗ ಜಾವಾ ನೋಡಿಕೊಳ್ಳುವ ಒರಾಕಲ್ ಕಂಪನಿ ಹೇಳಿತು. ಅದು ಒರಾಕಲ್ ಕೊಡುವ ಪ್ಯಾಕೇಜಿಗೆ ಹಾಕಿದ ನಿಯಮ, ಜಾವಾ ಭಾಷೆಗಲ್ಲ. ಜೆಡಿಕೆಯ ಮುಕ್ತ ಆವೃತ್ತಿಯಾದ ಓಪನ್‌ಜೆಡಿಕೆ ಆಗಲೂ ಉಚಿತ, ಈಗಲೂ ಉಚಿತ. ಅದರಿಂದಲೇ ತಯಾರಾದ ಟೆಮುರಿನ್, ಅಮೆಜಾನ್ ಕೊರೆಟ್ಟೊ ಎಂಬ ಪ್ಯಾಕೇಜುಗಳೂ ಇವೆ. ಕಂಪನಿಗಳೂ ಪೈಸೆ ಕೊಡದೆ ಬಳಸಬಹುದು. ಹಾಗಂತ ಆಫೀಸ್ ಕಂಪ್ಯೂಟರಿಗೆ ಒರಾಕಲ್ ಸೈಟಿನಿಂದ ಸುಮ್ನೆ ಇಳಿಸಿಕೊಳ್ಳಬೇಡಿ. ಆವೃತ್ತಿ ಬದಲಾದರೆ ನಿಯಮವೂ ಬದಲಾಗಬಹುದು, ಲೈಸೆನ್ಸ್ ಓದಿ.

ಸಿ ಶಾರ್ಪ್ ಮಾತಂತೂ ಇನ್ನೂ ಹಳೇದು. 2016ರಲ್ಲಿ ಸಿ ಶಾರ್ಪ್ ಪ್ರೋಗ್ರಾಂ ಓಡಿಸುವ ಡಾಟ್‌ನೆಟ್ ಕೋರ್ ಬಂದಾಗಲೇ ಮೈಕ್ರೋಸಾಫ್ಟ್ ಅದನ್ನು ಲಿನಕ್ಸ್, ಮ್ಯಾಕ್‌ಗೂ ಕೊಟ್ಟಿತು. ವಿಂಡೋಸ್‌ಗೆ ಅಂಟಿಕೊಂಡಿರುವುದು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್, ಮತ್ತೆ ಡೆಸ್ಕ್‌ಟಾಪ್ ಆಪ್‌ಗಳ ಪರದೆ ಕಟ್ಟುವ ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್. ಲ್ಯಾಬಿನಲ್ಲಿ ವಿನ್‌ಫಾರ್ಮ್ಸ್ ಮಾತ್ರ ಕಲಿತವರಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ ಬಿಡಿ. ವೆಬ್ ಕೆಲಸ ಕಲಿಯುವವರು ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಪ್ರೋಗ್ರಾಂ ಕಟ್ಟುವ ಡಾಟ್‌ನೆಟ್ ಎಸ್‌ಡಿಕೆ, ಕೋಡ್ ಬರೆಯುವ ವಿಎಸ್ ಕೋಡ್ ಹಾಕಿಕೊಂಡರೆ ಸಾಕು.