ಕರೆಂಟ್ ಕಾರಿನ ಹಲ್ಲು

ಆರು ತಿಂಗಳಿಂದ ನಮ್ಮ ಮನೆಯಲ್ಲಿ ಇದೊಂದೇ ಮಾತು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಳ್ಳೋದಾ, ಇಲ್ಲ ಇನ್ನೊಂದು ವರ್ಷ ಕಾದು ಹೊಸದನ್ನೇ ತಗೊಳ್ಳೋದಾ? ಕೊನೆಗೆ ಹಳೆಯದನ್ನೇ ಕೊಂಡೆವು. ಇದೇ ಗೊಂದಲದಲ್ಲಿರುವ ಗೆಳತಿಯರು, ಸಹೋದ್ಯೋಗಿಗಳು ದಿನಾ ಕೇಳುತ್ತಿದ್ದಾರೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಿಂದ ನಂಜನಗೂಡಿನ ಆಚೆಗಿನ ಶಾಲೆಗೆ ಹೋಗಿ ಬರುವವಳು. ಒಂದು ಕಡೆಗೆ 32 ಕಿಲೋಮೀಟರ್. ಮೇಲೊಂದಿಷ್ಟು ಓಡಾಟ ಸೇರಿಸಿದರೆ ತಿಂಗಳಿಗೆ 1500 ಕಿಲೋಮೀಟರ್ ಆಗುತ್ತದೆ. ಹಳೆ ಪೆಟ್ರೋಲ್ ಕಾರು ಲೀಟರ್‌ಗೆ 15 ಕೊಡುತ್ತಿತ್ತು. ಅಂದರೆ ತಿಂಗಳಿಗೆ 100 ಲೀಟರ್, ಹತ್ತು ಸಾವಿರಕ್ಕೂ ಜಾಸ್ತಿ. ಇಷ್ಟೇ ದೂರಕ್ಕೆ ಕರೆಂಟ್ ಕಾರಿಗೆ ಗೋಡೆಯ ಪ್ಲಗ್‌ನಿಂದ 250 ಯೂನಿಟ್ ಸಾಕು. ಯೂನಿಟ್‌ಗೆ 6 ರೂಪಾಯಿ ಅಂತಿಟ್ಟರೂ 1500 ರೂಪಾಯಿ. ತಿಂಗಳಿಗೆ ಎಂಟೂವರೆ ಸಾವಿರ ಉಳಿಯಿತು.

ಕಾಯೋಣ ಅನ್ನುವವರು ಈ ಲೆಕ್ಕ ಹಾಕುವುದೇ ಇಲ್ಲ. ಕಾಯುವುದಕ್ಕೆ ಖರ್ಚಿಲ್ಲ ಅಂದುಕೊಂಡಿರುತ್ತಾರೆ. ನನ್ನಂಥ ಓಡಾಟ ಇರುವವರಿಗೆ ಒಂದು ವರ್ಷ ಕಾಯುವುದು ಅಂದರೆ ಒಂದು ಲಕ್ಷ ರೂಪಾಯಿ ಪೆಟ್ರೋಲ್ ಬಂಕಿಗೆ ಕೊಟ್ಟ ಹಾಗೆ.

ಕಾಯಿರಿ ಅನ್ನುವವರ ಮಾತಿನಲ್ಲೂ ಸತ್ಯ ಇದೆ, ಇಲ್ಲ ಅನ್ನಲ್ಲ. ಟಾಟಾ ನೆಕ್ಸಾನ್ ಇವಿಯನ್ನೇ ನೋಡಿ. 2020ರ ಜನವರಿಯಲ್ಲಿ ಬಂದಾಗ 30.2 ಯೂನಿಟ್ ಬ್ಯಾಟರಿ. 2022ರ ಮೇ ತಿಂಗಳಲ್ಲಿ 40.5 ಯೂನಿಟ್‌ನದು ಬಂತು. 2024ರ ಸೆಪ್ಟೆಂಬರ್‌ನಲ್ಲಿ 45. (ಕಂಪನಿಯವರು ಕಿಲೋವ್ಯಾಟ್ ಅವರ್ ಅನ್ನುವುದು ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ.) 2024ರ ಫೆಬ್ರವರಿಯಲ್ಲಿ ಹೊಸ ಕಾರಿನ ಬೆಲೆಯನ್ನೇ 1.2 ಲಕ್ಷದವರೆಗೆ ಇಳಿಸಿದರು. ಬ್ಯಾಟರಿಯೇ ಅಗ್ಗವಾಗುತ್ತಾ ಬಂದಿದೆ. ಬ್ಯಾಟರಿ ಬೆಲೆಯ ಲೆಕ್ಕ ಇಡುವ ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ಪ್ರಕಾರ 2010ರ ಹೊತ್ತಿಗೆ ಒಂದು ಯೂನಿಟ್‌ನಷ್ಟು ಬ್ಯಾಟರಿಗೆ ಸಾವಿರ ಡಾಲರ್‌ಗೂ ಮೇಲಿತ್ತು. 2024ರಲ್ಲಿ 115 ಡಾಲರ್.

ಆದರೆ ಈ ಇಳಿಕೆಯಿಂದ ನಷ್ಟ ಆಗಿದ್ದು ಯಾರಿಗೆ? ಮೊದಲು ಕೊಂಡವರಿಗೆ. ನಾವು ಕೊಂಡ ಕಾರಿಗೆ ಅದರ ಮಾಲೀಕರು 2021ರಲ್ಲಿ ಸುಮಾರು 16 ಲಕ್ಷ ಕೊಟ್ಟಿದ್ದರು. ನಮಗೆ 7 ಲಕ್ಷ 60 ಸಾವಿರಕ್ಕೆ ಬಂತು. ನಾಳೆ ಹೊಸ ಕಾರಿನ ಬೆಲೆ ಇನ್ನೂ ಇಳಿಯಬಹುದು. ಇಳಿಯಲಿ. ನಮ್ಮದು ಇಳಿಯಬೇಕಾದ್ದರಲ್ಲಿ ದೊಡ್ಡ ಪಾಲು ಆಗಲೇ ಇಳಿದುಬಿಟ್ಟಿದೆ.

ಯಜಮಾನರ ವಾದ ಬೇರೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತಲ್ಲ, ಹೊಸ ಪೆಟ್ರೋಲ್ ಕಾರನ್ನೇ ತಗೊಳ್ಳೋಣ ಅಂದರು. ತಿಂಗಳಿಗೆ 300 ಕಿಲೋಮೀಟರ್ ಓಡಿಸುವ ಮನೆಯಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ.

ಎಲ್ಲರ ಭಯ ಒಂದೇ. ಬ್ಯಾಟರಿ ಹೋದರೆ ಕಾರು ಗುಜರಿಗೆ ಅನ್ನುತ್ತಾರೆ. ಈ ಭಯ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ನಾವೆಲ್ಲ ಮನೆಯ ಯುಪಿಎಸ್ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುವುದನ್ನು ನೋಡಿದವರು. ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಕಾರು 2001ರಲ್ಲಿ ರಸ್ತೆಗೆ ಬಂದಾಗ ಅದರಲ್ಲಿದ್ದದ್ದೂ ಅದೇ ಸೀಸದ ಬ್ಯಾಟರಿ. ಆದರೆ ಈಗಿನ ನೆಕ್ಸಾನ್‌ನಂಥ ಕಾರುಗಳಲ್ಲಿ ಇರುವುದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅನ್ನುತ್ತಾರೆ. ಸಾವಿರಕ್ಕೂ ಜಾಸ್ತಿ ಸಲ ಪೂರ್ತಿ ಖಾಲಿ ಮಾಡಿ ತುಂಬಿಸಿದರೂ ತಡೆಯುತ್ತದೆ. ಒಂದು ಸಲ ತುಂಬಿಸಿದರೆ 180 ಕಿಲೋಮೀಟರ್ ಅಂತಿಟ್ಟುಕೊಂಡರೂ ಸಾವಿರ ಸಲಕ್ಕೆ 1,80,000 ಆಯಿತು. ಸುತ್ತಲೂ ತಣ್ಣನೆ ನೀರು ಹರಿಸಿ ಬಿಸಿ ಇಳಿಸುವ ಏರ್ಪಾಡೂ ಇದೆ. ಬ್ಯಾಟರಿಗೆ ಶತ್ರು ಅಂದರೆ ಬಿಸಿ. ಮೈಸೂರಿನ ಹವೆಯಲ್ಲಿ ಬೆಳೆದ ಕಾರು ಬೇರೆ, ರಾಯಚೂರಿನ ಬಿಸಿಲಲ್ಲಿ ದಿನವಿಡೀ ನಿಂತ ಕಾರು ಬೇರೆ.

ಆದರೂ ಯಾವ ಕಾರಿನ ಬ್ಯಾಟರಿ ಚೆನ್ನಾಗಿದೆ, ಯಾವುದು ಸವೆದಿದೆ ಅಂತ ಹೊರಗಿಂದ ನೋಡಿದರೆ ಗೊತ್ತಾಗಲ್ಲ. ಇಲ್ಲಿಯೇ ನನಗೆ ನಮ್ಮ ಮಾವನ ಮಾತು ಕೈಹಿಡಿಯಿತು.

ನಮ್ಮ ಮಾವ ಕೆ.ಆರ್. ನಗರದ ಕಡೆಯವರು. ವರ್ಷಾ ವರ್ಷ ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಂಡವರು, ಮಾರಿದವರು. ಎತ್ತಿನ ವಯಸ್ಸನ್ನು ಬಾಯಿ ಬಿಡಿಸಿ ನೋಡಬೇಕು. ಎರಡು ಹಲ್ಲಾ, ನಾಲ್ಕು ಹಲ್ಲಾ, ಎಲ್ಲಾ ಹಲ್ಲೂ ಬಂದು ಬಾಯಿಗೂಡಿದ್ದಾ ಅಂತ. ಹಸು ಆದರೆ ಬೆಳಗ್ಗೆ ಒಂದು ಕರಾವು, ಸಂಜೆ ಒಂದು ಕರಾವು ಎದುರಿಗೇ ಕರೆಸಿ ಅಳೆಯಬೇಕು. ಯಾಕೆಂದರೆ ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿಕೊಂಡು ಜಾತ್ರೆಗೆ ತರುವವರು ಇರುತ್ತಾರೆ. ನಾನು ಕಾರು ನೋಡಲು ಹೊರಟ ದಿನ ಮಾವ ಹೇಳಿದ್ದು ಇಷ್ಟೇ: "ಮಾರೋನು ಹೇಳಿದ್ದನ್ನ ಕೇಳಬ್ಯಾಡ ಕಣವ್ವ. ಹಲ್ಲು ಏನು ಹೇಳ್ತದೋ ಅದನ್ನ ಕೇಳು."

ಮೊದಲು ನೋಡಿದ್ದು ಒಬ್ಬ ಡೀಲರ್ ಹತ್ತಿರ ಇದ್ದ ಕಾರು. ಹೊಸ ಟೈರು, ಹೊಸ ಸೀಟ್ ಕವರು, ಫಳಫಳ ಹೊಳೆಯುತ್ತಿತ್ತು. ಮೀಟರ್‌ನಲ್ಲಿ 100 ಪರ್ಸೆಂಟ್. "ಫುಲ್ ಚಾರ್ಜ್‌ಗೆ 250 ಕೊಡುತ್ತೆ ಮೇಡಂ" ಅಂದರು. ಒಂದು ದಿನ ಪೂರ್ತಿ ಓಡಿಸಿ ನೋಡುತ್ತೇನೆ, ರಾತ್ರಿ ನಮ್ಮ ಮನೆಯಲ್ಲೇ ಚಾರ್ಜ್ ಮಾಡುತ್ತೇನೆ ಅಂದೆ. "ಯಾರೂ ಇಷ್ಟೆಲ್ಲ ಕೇಳಲ್ಲ" ಅಂದರು. ಆರ್‌ಸಿ ತರಿಸಿ ನೋಡಿದರೆ ಅದು ಮೊದಲು ಬಾಡಿಗೆ ಗಾಡಿಯಾಗಿತ್ತು, ಆಮೇಲೆ ಸ್ವಂತಕ್ಕೆ ಬದಲಾಗಿತ್ತು. ಇದನ್ನು ಎಲ್ಲರೂ ಗಮನಿಸಬೇಕು. ಎಲೆಕ್ಟ್ರಿಕ್ ಕಾರಿಗೆ ಸ್ವಂತದ್ದಾದರೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಪ್ಲೇಟ್ ಬದಲಾಗುತ್ತದೆ, ಆರ್‌ಸಿ ಚರಿತ್ರೆ ಬದಲಾಗಲ್ಲ. ದಿನಕ್ಕೆ ಎರಡು ಸಲ ಫಾಸ್ಟ್ ಚಾರ್ಜ್ ಮಾಡಿ ಓಡಿಸಿದ ಗಾಡಿ ಮತ್ತು ರಾತ್ರಿ ನಿಧಾನವಾಗಿ ಮನೆಯಲ್ಲಿ ಚಾರ್ಜ್ ಮಾಡಿದ ಗಾಡಿ ಒಂದೇ ಅಲ್ಲ. ಬಾಡಿಗೆ ಗಾಡಿ ಅಂತ ಮೊದಲೇ ಹೇಳಿ ಬೆಲೆ ಇಳಿಸಿದ್ದರೆ ಅದು ಬೇರೆ ಮಾತು. ಮುಚ್ಚಿಟ್ಟಿದ್ದು ನನಗೆ ತುಂಬಾ ಬೇಜಾರಾಯಿತು.

ಎರಡನೆಯದು ಮೈಸೂರಿನಲ್ಲೇ ಒಂದು ಮನೆಯವರದ್ದು, 2021ರ ಅಕ್ಟೋಬರ್‌ನಲ್ಲಿ ರಿಜಿಸ್ಟರ್ ಆದ ನೆಕ್ಸಾನ್ ಇವಿ. 46,000 ಕಿಲೋಮೀಟರ್ ಓಡಿತ್ತು. ನಾನು ಕೇಳಿದ್ದಕ್ಕೆ ಅವರು ಸಂತೋಷದಿಂದಲೇ ಒಪ್ಪಿದರು. ಶನಿವಾರ ಬೆಳಗ್ಗೆ ಆರೂವರೆಗೆ 100 ಪರ್ಸೆಂಟ್ ಇರುವಾಗ ಹೊರಟೆವು. ಅವರ ಮಗನೂ ಜೊತೆಗೆ ಬಂದ. ನಂಜನಗೂಡು, ಬೇಗೂರು, ಗುಂಡ್ಲುಪೇಟೆ ದಾಟಿ ಬಂಡೀಪುರದ ಹತ್ತಿರದವರೆಗೆ ಹೋಗಿ ತಿರುಗಿಸಿದೆವು. ಎಸಿ ಹಾಕಿಕೊಂಡೇ, ದಿನಾ ಓಡಿಸುವ ವೇಗದಲ್ಲೇ. ಮನೆಗೆ ಬಂದಾಗ 148 ಕಿಲೋಮೀಟರ್ ಆಗಿತ್ತು, 22 ಪರ್ಸೆಂಟ್ ಉಳಿದಿತ್ತು. ದಾರಿಯುದ್ದಕ್ಕೂ ನಾನು ನೋಡುತ್ತಿದ್ದದ್ದು ಪರ್ಸೆಂಟ್ ಸಮನಾಗಿ ಇಳಿಯುತ್ತಿದೆಯಾ ಅಂತ. ಎಲ್‌ಎಫ್‌ಪಿ ಬ್ಯಾಟರಿಯ ವೋಲ್ಟೇಜ್ ತುಂಬಿದಾಗಲೂ ಅರ್ಧ ಖಾಲಿಯಾದಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಾಗಾಗಿ ಕಾರಿಗೇ ಎಷ್ಟು ಉಳಿದಿದೆ ಅಂತ ಸರಿಯಾಗಿ ತಿಳಿಯಲ್ಲ, ಅಂದಾಜಿನಲ್ಲಿ ತೋರಿಸುತ್ತದೆ. ಒಂದು ಸೆಲ್ ಸೋತಿದ್ದರೆ 30ರಿಂದ ಒಮ್ಮೆಗೇ 10ಕ್ಕೆ ಬೀಳಬಹುದು. ಇದು ಹಾಗೆ ಬೀಳಲಿಲ್ಲ.

ನಿಜವಾದ ಕರಾವು ಅಂದರೆ ರಾತ್ರಿಯದ್ದು. ಪ್ಲಗ್‌ಗೆ ಸಿಕ್ಕಿಸಿ ಯೂನಿಟ್ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, 16 ಆಂಪ್‌ನದ್ದೇ ಆಗಬೇಕು. ಅದನ್ನು ಗೋಡೆಗೆ ಹಾಕಿ, ಅದಕ್ಕೆ ಕಾರಿನ ಚಾರ್ಜರ್ ಹಾಕಿದೆ. ರಾತ್ರಿ ಒಂಬತ್ತಕ್ಕೆ ಶುರುವಾಗಿದ್ದು ಬೆಳಗಿನ ಜಾವ ಐದೂವರೆಗೆ ಮುಗಿಯಿತು. ಎದ್ದು ಟಾರ್ಚ್ ಹಿಡಿದು ಹೋಗಿ ನೋಡಿದೆ. 24.6 ಯೂನಿಟ್. ಚಾರ್ಜ್ ಮಾಡುವಾಗ ನೂರಕ್ಕೆ ಹನ್ನೆರಡರಷ್ಟು ಪೋಲಾಗುತ್ತದೆ ಅಂತ ಕಳೆದರೆ ಬ್ಯಾಟರಿಯೊಳಗೆ ಹೋಗಿದ್ದು ಸುಮಾರು 21.6. ಅದು 78 ಪರ್ಸೆಂಟ್‌ಗೆ. ಪೂರ್ತಿಗೆ 27.7 ಆಯಿತು. ಹೊಸದರಲ್ಲಿ 30.2 ಇತ್ತು. ಅಂದರೆ ನಾಲ್ಕು ವರ್ಷದಲ್ಲಿ ನೂರಕ್ಕೆ ಎಂಟರಷ್ಟು ಸವೆದಿದೆ. ಅಂದಾಜೇ ಇರಬಹುದು, ಆದರೆ ಯಾರ ಬಾಯಿಮಾತೂ ಅಲ್ಲ. ಸ್ಟೀರಿಂಗ್ ಕೆಳಗೆ ಕಾರಿನ ಒಳಗಿನ ಮಾಹಿತಿ ಓದಲು ಇರುವ ಒಬಿಡಿ ಪಿನ್ನಿಗೆ ಡಾಂಗಲ್ ಅನ್ನುವ ಪುಟ್ಟ ಸಾಧನ ಹಾಕಿ ಮೊಬೈಲಲ್ಲಿ ನೋಡುವವರೂ ಇದ್ದಾರೆ. ಅದನ್ನೂ ನೋಡಿ, ಆದರೆ ಈ ರಾತ್ರಿಯ ಲೆಕ್ಕ ಬಿಡಬೇಡಿ.

"ಎಷ್ಟು ಕಿಲೋಮೀಟರ್ ಕೊಡುತ್ತೆ" ಅಂತ ಕೇಳುವುದನ್ನು ನಿಲ್ಲಿಸಿ "ಎಷ್ಟು ಯೂನಿಟ್ ಹಿಡಿಯುತ್ತೆ" ಅಂತ ಕೇಳೋಣ. ಕಿಲೋಮೀಟರ್ ಓಡಿಸುವವರ ಕಾಲಿನ ಮೇಲಿದೆ. ಈ ಕಾರಿಗೇ ಕಾಗದದಲ್ಲಿ 312 ಅಂತಿತ್ತು, ರಸ್ತೆಯಲ್ಲಿ ಯಾರಿಗೂ ಅಷ್ಟು ಬರಲ್ಲ.

ಆಮೇಲೆ ವಾರಂಟಿ. ಈ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. 2029ರ ಅಕ್ಟೋಬರ್‌ವರೆಗೆ ಇದೆ. ನಾನು ವರ್ಷಕ್ಕೆ 18,000 ಓಡಿಸಿದರೂ ಅಷ್ಟೊತ್ತಿಗೆ 1,20,000 ದಾಟಲ್ಲ. ಎರಡನೇ ಮಾಲೀಕರಿಗೂ ನಡೆಯುತ್ತಾ ಅಂತ ಸರ್ವೀಸ್ ಸೆಂಟರ್‌ನಲ್ಲಿ ಬರೆಸಿಕೊಂಡೇ ದುಡ್ಡು ಕೊಟ್ಟೆವು. ಇದು ತುಂಬಾ ಮುಖ್ಯ. ಈಗ ಬರುತ್ತಿರುವ ಎಷ್ಟೋ ಹೊಸ ಕಾರುಗಳಿಗೆ ಲೈಫ್‌ಟೈಮ್ ಬ್ಯಾಟರಿ ವಾರಂಟಿ ಅನ್ನುತ್ತಾರೆ, ಆದರೆ ಅದು ಮೊದಲ ಮಾಲೀಕರಿಗೆ. ಕೈ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 2020ಕ್ಕಿಂತ ಹಿಂದಿನ ಕೆಲವು ಕಾರುಗಳಲ್ಲಿ ಫಾಸ್ಟ್ ಚಾರ್ಜಿಂಗ್ ಪಿನ್ನೇ ಬೇರೆ ಥರದ್ದು. ಈಗಿನ ಕಾರುಗಳಿಗೆ ಬರುವ ಸಿಸಿಎಸ್-2 ಅನ್ನುವ ಪಿನ್ ಇದೆಯಾ ಅಂತ ನೋಡಿಕೊಳ್ಳಿ.

ಮನೆಯ ಕೆಲಸವೂ ಇತ್ತು. ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರ್ ಎಳೆದು, ಎಂಸಿಬಿ ಹಾಕಿ, ಹಳೆ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ದರು. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ.

ಗೃಹಜ್ಯೋತಿ ಇರುವವರು ಇನ್ನೊಂದು ವಿಷಯ ನೋಡಬೇಕು. ನಮ್ಮ ಮನೆಗೆ ತಿಂಗಳಿಗೆ 130 ಯೂನಿಟ್. ಕಾರಿನ 250 ಅದೇ ಮೀಟರ್‌ಗೆ ಸೇರಿದರೆ 200 ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅದಕ್ಕೆ ಇವಿಗೆ ಅಂತಲೇ ಬೇರೆ ಮೀಟರ್‌ಗೆ ಅರ್ಜಿ ಹಾಕಿದೆವು. ಅದಕ್ಕೆ ದರವೂ ಬೇರೆಯೇ ಇದೆ.

ಹಾಗಂತ ಎಲ್ಲರೂ ಹಳೆಯದನ್ನೇ ತಗೊಳ್ಳಿ ಅಂತ ನಾನು ಹೇಳಲ್ಲ. ಅಪಾರ್ಟ್‌ಮೆಂಟ್‌ನಲ್ಲಿದ್ದು ನಿಮ್ಮ ಪಾರ್ಕಿಂಗ್‌ಗೆ ಒಂದು ಪ್ಲಗ್ ಪಾಯಿಂಟ್ ಸಿಗದಿದ್ದರೆ ದಯವಿಟ್ಟು ಈಗ ಯಾವ ಎಲೆಕ್ಟ್ರಿಕ್ ಕಾರನ್ನೂ ಕೊಳ್ಳಬೇಡಿ. ದಿನಾ ಹೊರಗಡೆ ಚಾರ್ಜ್ ಮಾಡಿದರೆ ಉಳಿತಾಯವೂ ಕರಗುತ್ತದೆ, ನೆಮ್ಮದಿಯೂ ಹೋಗುತ್ತದೆ. ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾಳೆ. 350 ಕಿಲೋಮೀಟರ್. ಅವಳಿಗೆ ನಾನೇ ಹೇಳಿದೆ, ಕಾಯಿ, ದೊಡ್ಡ ಬ್ಯಾಟರಿಯ ಹೊಸದನ್ನೇ ತಗೋ ಅಂತ. ಮಕ್ಕಳನ್ನು ಕಟ್ಟಿಕೊಂಡು ದಾರಿಯಲ್ಲಿ ಎರಡು ಕಡೆ ಒಂದೊಂದು ಗಂಟೆ ನಿಲ್ಲುವುದು ಸುಮ್ನೆ ಮಾತಲ್ಲ. ವಾರಂಟಿ ಒಂದು ವರ್ಷವೇ ಉಳಿದಿರುವ ಕಾರನ್ನೂ ನಾನು ಮುಟ್ಟುತ್ತಿರಲಿಲ್ಲ, ಎಷ್ಟೇ ಅಗ್ಗಕ್ಕೆ ಕೊಟ್ಟರೂ.

ಆದರೆ ಸ್ವಂತ ಮನೆ, ದಿನಾ ಗೊತ್ತಿರುವ ದಾರಿ, ಗೊತ್ತಿರುವ ದೂರ ಇರುವ ನನ್ನಂಥವರು ಹಳ್ಳಿ ಕಡೆ ಎಷ್ಟೋ ಜನ ಇದ್ದಾರೆ. ಶಿಕ್ಷಕಿಯರು, ನರ್ಸ್‌ಗಳು, ಬ್ಯಾಂಕಿನವರು. ಹೊಸ ಕಾರಿಗೆ 13 ಲಕ್ಷ ಎಲ್ಲಿಂದ ತರೋದು ಅಂತ ಸುಮ್ಮನಿದ್ದುಬಿಡುತ್ತಾರೆ. ಅವರ ಕೈಗೆ ಎಟುಕುವ ಒಳ್ಳೆಯ ಹಳೆ ಕಾರುಗಳು ಈಗ ಮಾರಾಟಕ್ಕಿವೆ. ಮೋಸಕ್ಕೆ ಹೆದರಿ ಕೈಬಿಡಬಾರದು ಅನ್ನುವುದೇ ನನ್ನ ಆಸೆ.

ಯೂನಿಟ್ ಅಳೆಯುವ ಆ ಪುಟ್ಟ ಮೀಟರ್ ನಮ್ಮ ಮನೆಯಲ್ಲಿ ಖಾಲಿ ಬಿದ್ದಿದೆ. ಮೈಸೂರು, ನಂಜನಗೂಡು ಕಡೆ ಯಾರಾದರೂ ಹಳೆ ಇವಿ ನೋಡಲು ಹೋಗುವವರಿದ್ದರೆ ಮೆಸೇಜ್ ಮಾಡಿ. ಬಂದು ತಗೊಂಡು ಹೋಗಿ, ಒಂದು ರಾತ್ರಿ ಹಾಕಿ ನೋಡಿ, ವಾಪಸ್ ಕೊಡಿ. ಶನಿವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.