ಪಾಲಿಕೆಯ ಪಾಲುಪಟ್ಟಿ

ದೊಡ್ಡ ಊರನ್ನು ಆಳುವುದು ಕಷ್ಟ ಅಂತ ಯಾರು ಹೇಳಿದ್ದು? ಎರಡೇ ಲೆಕ್ಕ ಬಂದರೆ ಸಾಕು, ಕೂಡುವುದು ಮತ್ತು ಭಾಗಿಸುವುದು. ಊರು ತುಂಡು ತುಂಡಾಗಿದ್ದರೆ ಕೂಡಿಸಿ. ಒಂದೇ ಆಗಿದ್ದರೆ ಒಡೆಯಿರಿ. ಮಧ್ಯೆ ಯಾರಾದರೂ ರಸ್ತೆಗುಂಡಿಯ ಮಾತೆತ್ತಿದರೆ 'ಆಡಳಿತ ಸುಧಾರಣೆ ನಡೀತಿದೆ' ಅನ್ನಿ.

ಬೆಂಗಳೂರನ್ನೇ ನೋಡಿ. 2007ರಲ್ಲಿ ಹಳೇ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಸಣ್ಣ ಸಣ್ಣ ಸಂಸ್ಥೆಗಳಿಂದ ಏನೂ ಆಗಲ್ಲ, ಎಲ್ಲ ಒಂದೇ ಸೂರಿನಡಿ ಬರಬೇಕು ಅನ್ನುವುದು ಆಗಿನ ಜ್ಞಾನ. ಆ ಹಳ್ಳಿಗಳಿಗೆ ತೆರಿಗೆ ಬೇಗ ಬಂತು. ಅವಕ್ಕೆ ನೀರು ಕೊಡಬೇಕಾದ ಕಾವೇರಿ ಐದನೇ ಹಂತದ ಯೋಜನೆಯಿಂದ ನೀರು ಹೊರಡುವಾಗ 2024ರ ಅಕ್ಟೋಬರ್. ನೀರು ನಲ್ಲಿ ತಲುಪುವಷ್ಟರಲ್ಲಿ ಪಾಲಿಕೆಯೇ ಹೊರಟುಹೋಯಿತು. 2025ರ ಸೆಪ್ಟೆಂಬರ್ 2ರಿಂದ ಒಂದಲ್ಲ, ಐದು ಪಾಲಿಕೆ. ಅಷ್ಟು ದೊಡ್ಡ ಸಂಸ್ಥೆಯಿಂದ ಏನೂ ಆಗಲ್ಲ ಅನ್ನುವುದು ಈಗಿನ ಜ್ಞಾನ.

ಅಣ್ಣತಮ್ಮಂದಿರು ಬೇರೆಯಾದರೆ ಕೊನೇಪಕ್ಷ ತಿಜೋರಿ ಕೀಲಿಯ ಜಗಳವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಐದರ ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ಕರೆಂಟು ಬೆಸ್ಕಾಂನದು, ಸೈಟು ಬಿಡಿಎದು. ಪಾಲಾಗಿದ್ದು ಮುಖ್ಯವಾಗಿ ಬೋರ್ಡು.

ಪಾಲು ಕೇಳಿದವರು ಯಾರು ಅಂತ ಹುಡುಕಬೇಡಿ. 2015ರಲ್ಲಿ ಗೆದ್ದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು. ಐದು ವರ್ಷ ಆಡಳಿತಾಧಿಕಾರಿಗಳೇ ಎಲ್ಲ. ಸುಮ್ನೆ ಕೂರಬಾರದಲ್ವಾ? 198 ವಾರ್ಡನ್ನು 243 ಮಾಡಿದರು, ಆಮೇಲೆ 225 ಮಾಡಿದರು. ನಗರದ ಸ್ಥಳೀಯ ಸಂಸ್ಥೆಗಳಿಗೆ ಬಲ ತುಂಬುವ, ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ. ಪಾಪ, ಅದಿನ್ನೂ ಟ್ರಾಫಿಕ್‌ನಲ್ಲಿರಬೇಕು.

ನಾವೊಬ್ಬರೇ ಅಂದುಕೊಳ್ಳಬೇಡಿ. ದಿಲ್ಲಿ ಪಾಲಿಕೆಯನ್ನು 2012ರಲ್ಲಿ ಮೂರು ಮಾಡಿದರು, ಸೇವೆ ಸುಧಾರಿಸಲಿ ಅಂತ. ದಕ್ಷಿಣಕ್ಕೆ ದುಡ್ಡಿರುವ ಬಡಾವಣೆಗಳು ಸಿಕ್ಕವು. ಪೂರ್ವದ ಪಾಲಿಕೆಗೆ ಸಂಬಳ ಕೊಡಲೂ ಕಾಸಿಲ್ಲ. ಪೌರಕಾರ್ಮಿಕರು ಮುಷ್ಕರ ಹೂಡಿ ಕಸ ತಂದು ರಸ್ತೆಗೆ ಸುರಿದರು. 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದರು. ಸೇವೆ ಸುಧಾರಿಸಲಿ ಅಂತಲೇ. ಢಾಕಾ ನಗರವನ್ನು 2011ರಲ್ಲಿ ಉತ್ತರ, ದಕ್ಷಿಣ ಅಂತ ಸೀಳಿದರು. ಎರಡಕ್ಕೂ ಮೇಯರ್ ಆರಿಸಿದ್ದು 2015ರಲ್ಲಿ. ಸೀಳುವ ಅವಸರ ಮತ ಹಾಕಿಸುವಾಗ ಇರಲಿಲ್ಲ.

ಈ ಕಲೆಯಲ್ಲಿ ಗುರು ಅಂದರೆ ಲಂಡನ್. ಅಲ್ಲಿನ ನಗರ ಕೌನ್ಸಿಲ್ ಥೇಮ್ಸ್ ನದಿಯಾಚೆ, ಪಾರ್ಲಿಮೆಂಟಿನ ಎದುರಿಗೇ ಇತ್ತು. ಅದು ತನ್ನ ಕಟ್ಟಡದ ಮೇಲೆ ನಿರುದ್ಯೋಗಿಗಳ ಸಂಖ್ಯೆಯನ್ನು ದೊಡ್ಡದಾಗಿ ತೂಗುಹಾಕಿತ್ತು. ಥ್ಯಾಚರ್ ಸರ್ಕಾರ 1986ರಲ್ಲಿ ಕೌನ್ಸಿಲನ್ನೇ ರದ್ದು ಮಾಡಿತು. ಹದಿನಾಲ್ಕು ವರ್ಷ ಇಡೀ ಊರಿಗೆ ಒಂದು ಚುನಾಯಿತ ಆಡಳಿತವಿಲ್ಲ. 2000ದಲ್ಲಿ ಮೇಯರ್ ಹುದ್ದೆ ಸೃಷ್ಟಿಸಿದರೆ ಗೆದ್ದು ಬಂದವರು ಅದೇ ಹಳೇ ಕೌನ್ಸಿಲ್ ನಾಯಕ ಕೆನ್ ಲಿವಿಂಗ್‌ಸ್ಟನ್! ಆ ಕಟ್ಟಡದಲ್ಲಿ ಈಗ ಮೀನುಗಳ ಅಕ್ವೇರಿಯಂ ಇದೆ. ಮೀನುಗಳು ಅಂಕಿ ಅಂಶ ತೂಗುಹಾಕುವುದಿಲ್ಲ.

ಒಡೆದು ಕೂಡಿ ಬೇಜಾರಾದರೆ ಜಕಾರ್ತಾದ ದಾರಿ ಇದೆ. ಅಂತರ್ಜಲ ಹೀರಿ ಹೀರಿ ಊರು ಕುಸಿಯುತ್ತಿದೆ. ಹಾಗಾಗಿ ರಾಜಧಾನಿಯನ್ನೇ ಬೋರ್ನಿಯೋ ದ್ವೀಪಕ್ಕೆ ಒಯ್ಯಲು 2022ರಲ್ಲಿ ಕಾನೂನು ಮಾಡಿದರು. ಒಂದು ಕೋಟಿ ಜನಕ್ಕೆ ಮಾತ್ರ ಜಕಾರ್ತಾವೇ ಗತಿ.

ನಮ್ಮವರು ಇನ್ನೂ ಜಾಣರು. ಊರು ಬಿಡುವುದಿಲ್ಲ, ಹೆಸರನ್ನೇ ಪಕ್ಕದೂರಿಗೆ ಕಳಿಸುತ್ತಾರೆ. 2025ರಲ್ಲಿ ರಾಮನಗರ ಜಿಲ್ಲೆ 'ಬೆಂಗಳೂರು ದಕ್ಷಿಣ ಜಿಲ್ಲೆ' ಆಯಿತು. ಬೆಂಗಳೂರು ದಕ್ಷಿಣ ತಾಲ್ಲೂಕು ಮೊದಲಿಂದಲೂ ಇದೆ, ಆದರೆ ಅದು ಆ ಜಿಲ್ಲೆಯಲ್ಲಿಲ್ಲ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ ಬೇರೆ. ಬೆಂಗಳೂರು ದಕ್ಷಿಣ ಪಾಲಿಕೆ ಮತ್ತೂ ಬೇರೆ. ಬೀದಿದೀಪ ಕೆಟ್ಟಿದೆ ಅಂತ ಫೋನು ಮಾಡುವವರು ಮೊದಲು ತಾವು ಯಾವ ದಕ್ಷಿಣದವರು ಅಂತ ತಿಳಿದುಕೊಂಡಿರತಕ್ಕದ್ದು.