ನನಗೆ ನಾನೇ ಇಟ್ಟುಕೊಂಡ ಬತ್ತಿ

ಸಿಗರೇಟು ಸೇದೋದಕ್ಕೆ ಎರಡೇ ವಿದ್ಯೆ ಸಾಕು. ಕಡ್ಡಿ ಗೀರೋದು, ಎಳೆಯೋದು. ಹದಿನಾಲ್ಕು ವರ್ಷ ಇವೆರಡನ್ನೂ ಒಂದು ದಿನ ತಪ್ಪದೆ ಮಾಡಿಕೊಂಡು ಬಂದಿದ್ದೆ. ಅದನ್ನು ಬಿಡ್ತೀನಿ ಅಂತ ವೇಪ್, ಅಂದರೆ ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಹಬೆ ಎಳೆಯುವ ಇ-ಸಿಗರೇಟು, ಕೈಗೆತ್ತಿಕೊಂಡ ಮೇಲೆ ಗೊತ್ತಾಯಿತು, ಬಿಡಬೇಕಾದರೆ ಮನುಷ್ಯ ಎಲೆಕ್ಟ್ರಿಷಿಯನ್, ಪ್ಲಂಬರ್, ಕೆಮಿಸ್ಟ್ರಿ ಮೇಷ್ಟ್ರು ಮೂರೂ ಆಗಬೇಕು ಅಂತ.

ಡಬ್ಬಿ ಬಿಚ್ಚಿದೆ. ಒಳಗೆ ಕೈಯಗಲದ ಬ್ಯಾಟರಿ ಪೆಟ್ಟಿಗೆ, ಗಾಜಿನ ಟ್ಯಾಂಕ್, ಎರಡು ಕಾಯಿಲ್, ಯಾವುದಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲದ ನಾಲ್ಕು ರಬ್ಬರ್ ಉಂಗುರ. ಜೊತೆಗೆ ಇರುವೆ ಸಾಲಿನಂಥ ಅಕ್ಷರಗಳ ಪುಸ್ತಿಕೆ. ಅದರಲ್ಲಿ ನಾನು ಓದಿದ್ದು ದಪ್ಪಕ್ಷರದಲ್ಲಿದ್ದ ಒಂದೇ ಸಾಲು. ನಿಕೋಟಿನ್ ದ್ರವ ಚರ್ಮಕ್ಕೆ ತಾಗಬಾರದು, ಮಕ್ಕಳ ಕೈಗೆ ಸಿಗಬಾರದು. ಇದೊಂದನ್ನು ಮಾತ್ರ ಶ್ರದ್ಧೆಯಿಂದ ಪಾಲಿಸಿದೆ. ಕೈಗವಸು ಹಾಕಿ, ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ದೀಪ ಹತ್ತಿರ ಎಳೆದುಕೊಂಡು ಕೂತೆ. ಹೆಂಡತಿ ಬಾಗಿಲಲ್ಲಿ ಇಣುಕಿ, "ಯಾರಿಗ್ರೀ ಆಪರೇಷನ್ನು?" ಅಂದಳು.

ರೋಗಿ ಉಳಿಯಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ನಟ್ಟ ನಡುವೆ ಒಂದು ಕೊಳವೆ ಬಾಯಿ ತೆರೆದುಕೊಂಡು ಕೂತಿತ್ತು. ಅಷ್ಟು ಚೆನ್ನಾಗಿ ಬಾಯಿ ತೆರೆದುಕೊಂಡಿರೋದು ಹುಯ್ಯಲಿಕ್ಕೇ ಅಲ್ವಾ? ಹುಯ್ದೆ. ಅದು ಗಾಳಿ ಹೋಗುವ ದಾರಿಯಂತೆ. ದ್ರವ ಹಾಕಬೇಕಾದ ಸೀಳು ಪಕ್ಕದಲ್ಲಿ, ಕಣ್ಣಿಗೆ ಬೀಳದ ಹಾಗೆ ಇತ್ತು. ಬಾಯಿಗಿಟ್ಟು ಎಳೆದೆ. ಹಬೆ ಬರಲಿಲ್ಲ, ಜ್ಯೂಸೇ (ಆ ದ್ರವವನ್ನು ಎಲ್ಲರೂ ಹಾಗೇ ಕರೆಯೋದು) ಬಂತು. ಮೊದಲು ಸಿಹಿ, ಆಮೇಲೆ ಖಾರ, ಆಮೇಲೆ ಬಚ್ಚಲಿಗೆ ಓಟ. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಅರ್ಧ ಬಕೆಟ್ ನೀರು ಖಾಲಿ ಆಯಿತು.

ಎರಡನೇ ಸಲ ಸರಿಯಾದ ಸೀಳಿಗೇ ಹಾಕಿದೆ. ಹಾಕಿದವನೇ ಗುಂಡಿ ಒತ್ತಿದೆ. ಇಲ್ಲಿ ಕಾಯಿಲ್ ಬಗ್ಗೆ ಸ್ವಲ್ಪ ಹೇಳಬೇಕು. ಹೆಬ್ಬೆರಳಿನ ಉಗುರಿಗಿಂತ ಒಂಚೂರು ಉದ್ದದ ಲೋಹದ ಕೊಳವೆ ಅದು. ಒಳಗೆ ಸುರುಳಿ ಸುತ್ತಿದ ತಂತಿ, ತಂತಿಗೆ ಒತ್ತಿಕೊಂಡು ಹತ್ತಿಯ ಬತ್ತಿ. ಬತ್ತಿ ಜ್ಯೂಸ್ ಹೀರುತ್ತದೆ, ತಂತಿ ಕಾಯುತ್ತದೆ, ಜ್ಯೂಸ್ ಹಬೆಯಾಗುತ್ತದೆ. ಇಷ್ಟೇ. ಆದರೆ ಹೊಸ ಬತ್ತಿ ಪೂರ್ತಿ ನೆನೆಯಬೇಕು. ಮೊದಲೇ ಅದರ ಮೇಲೆ ನಾಲ್ಕು ಹನಿ ಹಾಕಿ, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಸುಮ್ನೆ ಇಡಬೇಕು. ನಾನು ಕೊಟ್ಟಿದ್ದು ಒಂದು ಸೀನು ಸೀನುವಷ್ಟು ಹೊತ್ತು.

ಒಣ ಹತ್ತಿ ಸುಟ್ಟರೆ ಬರುವ ಆ ದಮ್ಮಿಗೆ ಬಲ್ಲವರು ಡ್ರೈ ಹಿಟ್ ಅಂತಾರೆ. ತಲೆದಿಂಬಿಗೆ ಬೆಂಕಿ ಹಚ್ಚಿ, ಅದರ ಮೂಲೆ ಬಾಯಲ್ಲಿಟ್ಟುಕೊಂಡು ಜೋರಾಗಿ ಉಸಿರೆಳೆದ ಹಾಗೆ ಇರುತ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಕೆಮ್ಮಿನ ಅಬ್ಬರಕ್ಕೆ ಪಕ್ಕದ ಮನೆಯ ನಾಯಿ ಬೊಗಳಲು ಶುರು ಮಾಡಿತು. ಒಮ್ಮೆ ಕರಕಲಾದ ಬತ್ತಿ ಮತ್ತೆ ಸರಿಹೋಗೋದಿಲ್ಲ, ಎಸೀಬೇಕು. ಅದು ಗೊತ್ತಿಲ್ಲದೆ ಇನ್ನೂ ಐದು ಸಲ ಎಳೆದೆ. ಪ್ರತಿ ಸಲವೂ ಅದೇ ದಿಂಬು.

ಈ ದಾರಿಯಲ್ಲಿ ನನಗಿಂತ ಮುಂಚೆ ನಡೆದ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. "ಲೋ, ದೀಪ ಹಚ್ಚೋ ಮುಂಚೆ ಬತ್ತೀನ ಎಣ್ಣೇಲಿ ಅದ್ದಲ್ವೇನೋ?" ಅಂದ. ಇಷ್ಟು ಸುಲಭವಾಗಿ ಹೇಳಬಹುದಾದ ಮಾತಿಗೆ ಪುಸ್ತಿಕೆಯವರು ಎರಡು ಪುಟ ಯಾಕೆ ತಗೊಂಡರೋ! ಓದಿದ್ದರೆ ಕೇಳಬಹುದಿತ್ತು.

ಎರಡನೇ ಕಾಯಿಲನ್ನು ಹತ್ತಲ್ಲ, ಇಪ್ಪತ್ತು ನಿಮಿಷ ನೆನೆಸಿದೆ. ಹಬೆ ಬಂತು! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡು ಓಡಾಡಿದೆ. ಅದಕ್ಕೆ ಪವರ್ ಹೆಚ್ಚು ಕಡಿಮೆ ಮಾಡುವ ಗುಂಡಿಗಳಿವೆ, ಬೀಗದ ಕೈ ಗೊಂಚಲು ಆ ಹೆಚ್ಚಿನ ಗುಂಡಿಯನ್ನೇ ಒತ್ತುತ್ತಾ ಕೂತಿತ್ತು. ಕಾಯಿಲ್ ಮೈಮೇಲೆ 12ರಿಂದ 16 ವ್ಯಾಟ್ ಅಂತ ಬರೆದಿತ್ತು. ಹೊರಗೆ ತೆಗೆದಾಗ ಪರದೆಯಲ್ಲಿ 60 ಅಂತ ಇತ್ತು. ಅದನ್ನು ನಾನು ಎಳೆದ ಮೇಲೆ ನೋಡಿದೆ. ಮತ್ತೆ ದಿಂಬು, ಮತ್ತೆ ನಾಯಿ. ಹಬೆ ಬರಿಸುವ ಗುಂಡಿಯನ್ನು ಐದು ಸಲ ಪಟಪಟ ಒತ್ತಿದರೆ ಇಡೀ ಪೆಟ್ಟಿಗೆ ಆಫ್ ಆಗುತ್ತದೆ ಅನ್ನೋದೂ ಪುಸ್ತಿಕೆಯಲ್ಲೇ ಇತ್ತಂತೆ.

ಜೇಬಿನ ವಿಷಯಕ್ಕೇ ಬಂದರೆ, ಟ್ಯಾಂಕನ್ನು ಅಡ್ಡ ಮಲಗಿಸಿದರೆ ಗಾಳಿ ಕಂಡಿಯಿಂದ ಜ್ಯೂಸ್ ಸೋರಬಹುದು. ಇದರ ಬಗ್ಗೆ ಜಾಸ್ತಿ ಹೇಳೋಲ್ಲ. ಪ್ಯಾಂಟಿನಲ್ಲಿ ಒದ್ದೆ ಯಾವ ಜಾಗದಲ್ಲಿತ್ತು ಅಂತ ನೀವೇ ಊಹಿಸಿಕೊಳ್ಳಿ. ಸ್ಟ್ರಾಬೆರಿ ವಾಸನೆ ಬರುತ್ತಿದ್ದುದೊಂದೇ ನನ್ನ ಪರವಾಗಿದ್ದ ಸಾಕ್ಷಿ.

ಅವತ್ತು ಸಂಜೆ ಏಳಕ್ಕೆ ಥಟ್ಟನೆ ನೆನಪಾಯಿತು, ಬೆಳಗ್ಗಿಂದ ಒಂದೂ ಸಿಗರೇಟು ಮುಟ್ಟಿಲ್ಲ! ಮನಸ್ಸು ಗಟ್ಟಿಯಾಗಿದ್ದಕ್ಕಲ್ಲ. ಪುರುಸೊತ್ತೇ ಸಿಕ್ಕಿರಲಿಲ್ಲ.

ಆ ಖುಷಿಗೆ ವಾರದಲ್ಲೇ ಹಬೆಯ ದೊಡ್ಡ ಮೋಡ ಬಿಡುವ 0.2 ಓಮ್ ಕಾಯಿಲ್ ತಂದು ಹಾಕಿದೆ. ಟ್ಯಾಂಕಿಗೆ ಹುಯ್ದದ್ದು ಮಾತ್ರ ಅದೇ ಹಳೇ ಜ್ಯೂಸ್, ಎಂಎಲ್‌ಗೆ 20 ಮಿಲಿಗ್ರಾಂ ನಿಕೋಟಿನ್ ಇದ್ದದ್ದು. ಅದು ಸಣ್ಣ ಕಾಯಿಲ್‌ನಲ್ಲಿ ಚೂರು ಚೂರೇ ಎಳೆಯೋರಿಗೆ. ಮೋಡ ಬಿಡೋರು 3 ಮಿಲಿಗ್ರಾಂ ಮೇಲೆ ಹೋಗೋದು ಕಡಿಮೆ. ಮೂರು ದಮ್ಮಿಗೆ ತಲೆ ಗಿರ್ರ್ ಅಂತು, ಆಮೇಲೆ ಬಿಕ್ಕಳಿಕೆ ಶುರು. ಅಷ್ಟರಲ್ಲಿ ಆಫೀಸಿನಿಂದ ಮೇಲಿನವರ ಫೋನು. "ಸಾರ್... ಹಿಕ್... ಫೈಲು... ಹಿಕ್... ಕಳಿಸ್ತೀನಿ." ಅವರು ಪಾಪ, "ನೀರು ಕುಡೀರಿ, ಯಾರೋ ನೆನೆಸ್ಕೊಳ್ತಿದ್ದಾರೆ" ಅಂದರು. ನೆನೆಸಿಕೊಳ್ಳುತ್ತಿದ್ದುದು ಸುಟ್ಟು ಎಸೆದ ಕಾಯಿಲ್‌ಗಳೇ ಇರಬೇಕು. ಸುಸ್ತಾಗಿ ಮಲಗಿದೆ. ಇದು ಟಾನಿಕ್ ಅಲ್ಲ, ಸಿಗರೇಟಿನ ಬದಲಿಗೆ ಹಿಡಿದ ಇನ್ನೊಂದು ಚಟ ಅನ್ನೋದು ಮಲಗಿದಾಗ ಚೆನ್ನಾಗಿ ಅರ್ಥವಾಗುತ್ತದೆ.

ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಜ್ಯೂಸನ್ನು ಮನೆಯಲ್ಲೇ ಕಲಸಿಕೊಳ್ತೀನಿ ಅಂತ ಹೊರಟೆ. ಈಗಿನ ನಮೂನೆಯ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದ ಚೀನಾದ ಹೊನ್ ಲಿಕ್ ಔಷಧ ತಜ್ಞರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ದಾಟಿದ್ದೇ ಮೇಷ್ಟ್ರ ಕೃಪೆಯಿಂದ. ಆದರೂ ಧೈರ್ಯಕ್ಕೇನು ಕಡಿಮೆ?

ಬೇಕಾದ್ದು ನಾಲ್ಕೇ ಸಾಮಾನು. ವಿಜಿ ಅಂದರೆ ಗ್ಲಿಸರಿನ್, ಜೇನಿನಂತೆ ಮಂದ, ಮೋಡ ಬರೋದು ಅದರಿಂದ. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳ್ಳಗಿರುತ್ತದೆ, ರುಚಿ ಹೊತ್ತು ತರುತ್ತದೆ, ಗಂಟಲಿಗೆ ಒಂಚೂರು ಕುಟುಕುತ್ತದೆ. ಆಮೇಲೆ ಫ್ಲೇವರ್, ನಿಕೋಟಿನ್. ಫ್ಲೇವರ್ ಮುಗಿದರೆ ಅಡುಗೆಮನೆಯ ಎಸೆನ್ಸ್ ಹಾಕಿದರಾಯಿತು ಅಂತಿದ್ದೆ. ಗೆಳೆಯ ಫೋನಲ್ಲೇ ಕಿರುಚಿದ. "ಎಣ್ಣೆ ಇರೋದನ್ನ ಶ್ವಾಸಕೋಶಕ್ಕೆ ಎಳ್ಕೊಂಡ್ರೆ ಆಸ್ಪತ್ರೆ ಸೇರ್ತೀಯ ಕಣೋ!" ಈ ಮಾತನ್ನು ಮಾತ್ರ ತಕ್ಷಣ ಕೇಳಿದೆ.

ತಕ್ಕಡಿಯೇ ನನಗೆ ಮೊದಲ ಪೆಟ್ಟು ಕೊಟ್ಟಿದ್ದು. 30 ಎಂಎಲ್ ಜ್ಯೂಸಿಗೆ 21 ಎಂಎಲ್ ವಿಜಿ ಬೇಕಿತ್ತು. ನಾನು 21 ಗ್ರಾಂ ತೂಗಿದೆ. ನೀರಾದರೆ ಎರಡೂ ಒಂದೇ. ವಿಜಿ ಒಂದು ಎಂಎಲ್‌ಗೆ 1.26 ಗ್ರಾಂ ತೂಗುತ್ತದೆ, ಹಾಗಾಗಿ ನನ್ನ ಬಾಟಲಿಗೆ ಬಿದ್ದದ್ದು ಹದಿನೇಳು ಎಂಎಲ್ಲೂ ಇಲ್ಲ. ಬಾಟಲಿ ಯಾಕೆ ತುಂಬಲಿಲ್ಲ ಅಂತ ಯೋಚಿಸಿ, ಖಾಲಿ ಉಳಿದ ಜಾಗಕ್ಕೆಲ್ಲ ವೆನಿಲಾ ಹಾಕಿದೆ. ವೆನಿಲಾ ಜಾಸ್ತಿಯಾದರೆ ಯಾರಾದರೂ ಬೇಡ ಅಂತಾರಾ? ಸೇದಿ ನೋಡಿದರೆ ಬಟ್ಟೆ ಸೋಪು. ಫ್ಲೇವರ್ ಮಿತಿ ಮೀರಿದರೆ ರುಚಿ ಏರೋದಿಲ್ಲ, ಕೆಡುತ್ತದೆ. ಕೆಲವಕ್ಕೆ ನೂರಕ್ಕೆ ಒಂದು ಪಾಲೇ ಜಾಸ್ತಿಯಂತೆ.

ಮುಂದಿನದು ದಾಲ್ಚಿನ್ನಿ. ಗಾಜಿನ ಟ್ಯಾಂಕನ್ನು ಅಷ್ಟರಲ್ಲಿ ಕೈಜಾರಿ ಒಡೆದಿದ್ದರಿಂದ ಪ್ಲಾಸ್ಟಿಕ್ಕಿನದು ಹಾಕಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಅದರ ಮೈತುಂಬಾ ಜೇಡರ ಬಲೆಯಂತೆ ಬಿರುಕು. ದಾಲ್ಚಿನ್ನಿ, ನಿಂಬೆಯಂಥ ಫ್ಲೇವರ್‌ಗಳು ಕೆಲವು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತವೆ. ಉಳಿದಿದ್ದ ಜ್ಯೂಸ್ ನೇರವಾಗಿ ತಕ್ಕಡಿಯ ಮೇಲೇ ಸೋರಿತ್ತು. ತಕ್ಕಡಿ ಅವತ್ತಿನಿಂದ ಏನಿಟ್ಟರೂ 88.88 ಅನ್ನುತ್ತಿದೆ.

ಹಾಗಾಗಿ ಈಗ ಹನಿ ಲೆಕ್ಕ. ಸುಮಾರು ಇಪ್ಪತ್ತು ಹನಿಗೆ ಒಂದು ಎಂಎಲ್. ನಿನ್ನೆ ರಾತ್ರಿ ಕೈಗವಸು ಹಾಕಿಕೊಂಡು, ಉಸಿರು ಬಿಗಿ ಹಿಡಿದು ಪುದೀನ ಹನಿ ಹಾಕುತ್ತಿದ್ದೆ. ಹೆಂಡತಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು.

"ರೀ, ಮುಂಚೆ ದಿನಕ್ಕೆ ಎಷ್ಟು ಸಿಗರೇಟು ಸೇದ್ತಿದ್ರಿ?"

"ಹತ್ತು."

"ಒಂದಕ್ಕೆ ಆರು ನಿಮಿಷ ಅಂದ್ರೂ ಒಂದು ಗಂಟೆ. ಈಗ ಆಫೀಸಿಂದ ಬಂದಾಗಿನಿಂದ ಇಲ್ಲೇ ಕೂತಿದೀರಲ್ಲ, ಗಂಟೆ ಎಷ್ಟಾಯ್ತು ಗೊತ್ತಾ?"

"ಹನ್ನೊಂದು," ಅಂದೆ. ಅಂದಮೇಲೆ ಹನಿ ಎಷ್ಟಾಗಿತ್ತು ಅನ್ನೋದು ಮರೆತುಹೋಯಿತು. ಬಾಟಲಿ ಬದಿಗಿಟ್ಟು, ಹೊಸದು ತೆಗೆದುಕೊಂಡು, ಮತ್ತೆ ಒಂದರಿಂದ ಶುರು ಮಾಡಿದೆ.